ಬ್ರಿಡ್ಜ್ ಮೇಲೆ ಓಎಸ್‌ಪಿಎಫ್ ನೇಬರ್ ಫುಲ್ ಆಗ್ತಿಲ್ಲ, ಪಿಂಗ್ ಮಾತ್ರ ಬರ್ತಿದೆ. ಎಲ್ಲಿ ಹುಡುಕಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಬ್ಯಾಡಗಿ ಮಾರ್ಕೆಟ್ ಕಚೇರಿಯಲ್ಲಿ ಲಿನಕ್ಸ್ ಬಾಕ್ಸ್ ಇದೆ, ಅದರಲ್ಲಿ ಎಫ್‌ಆರ್‌ಆರ್ ಅನ್ನುವ ರೂಟಿಂಗ್ ಸಾಫ್ಟ್‌ವೇರ್. ಊರ ಹೊರಗಿನ ಕೋಲ್ಡ್ ಸ್ಟೋರೇಜ್‌ನಲ್ಲಿ ಮೈಕ್ರೋಟಿಕ್ ರೂಟರ್. ನಡುವೆ ವೈರ್‌ಲೆಸ್ ಲಿಂಕ್. ಎರಡೂ ಕಡೆ ಪೋರ್ಟ್‌ಗಳನ್ನು ಬ್ರಿಡ್ಜ್ ಮಾಡಿ (ಒಂದೇ ಸ್ವಿಚ್‌ನಂತೆ ಸೇರಿಸಿ) ಅದರ ಮೇಲೆ ಓಎಸ್‌ಪಿಎಫ್, ಅಂದರೆ ರೂಟರ್‌ಗಳು ತಮ್ಮ ದಾರಿಗಳನ್ನು ಪರಸ್ಪರ ಹೇಳಿಕೊಳ್ಳುವ ಪ್ರೊಟೊಕಾಲ್, ಹಾಕಿದ್ದೀರಿ. ಹುಬ್ಬಳ್ಳಿ ಕಚೇರಿಗೆ ವಿಎಕ್ಸ್‌ಲ್ಯಾನ್ ಟನಲ್ (ಲ್ಯಾನ್ ಫ್ರೇಮ್‌ಗಳನ್ನು ಐಪಿ ಜಾಲದ ಮೇಲೆ ಸಾಗಿಸುವ ಸುರಂಗ) ಮಾಡಿ, ಅದನ್ನೂ ಲಿನಕ್ಸ್ ಬಾಕ್ಸ್‌ನ ಅದೇ ಬ್ರಿಡ್ಜಿಗೆ ಸೇರಿಸಿದ ಮೇಲೆ ನೇಬರ್ (ಆ ಕಡೆಯ ರೂಟರ್ ಜೊತೆಗಿನ ಸಂಬಂಧ) ಕೊನೆಯ ಹಂತವಾದ ಫುಲ್ ಮುಟ್ಟದೆ ನಡುವಿನ ಎಕ್ಸ್‌ಸ್ಟಾರ್ಟ್‌ನಲ್ಲೇ ನಿಲ್ಲುತ್ತಿದೆ, ಒಮ್ಮೊಮ್ಮೆ ಶುರುವಿನ ಇನಿಟ್‌ಗೆ ಬೀಳುತ್ತಿದೆ. ಪಿಂಗ್ ಒಂದೂ ತಪ್ಪುತ್ತಿಲ್ಲ, ಹಾಗಾದ್ರೆ ಓಎಸ್‌ಪಿಎಫ್‌ನಲ್ಲೇ ಬಗ್ ಇದೆಯಾ ಅಂತ ಕೇಳಿದ್ದೀರಿ.

ಬಗ್ ಇಲ್ಲ. ಪಿಂಗ್ ಬಂತು ಅಂದ ಮಾತ್ರಕ್ಕೆ ಓಎಸ್‌ಪಿಎಫ್‌ಗೆ ಬೇಕಾದ ದಾರಿ ಇದೆ ಅಂತ ಅರ್ಥ ಅಲ್ಲ, ಅಷ್ಟೇ. ಲಿನಕ್ಸ್‌ನಲ್ಲಿ ಸುಮ್ನೆ ಪಿಂಗ್ ಅಂತ ಹೊಡೆದರೆ ಹೋಗುವುದು 84 ಬೈಟ್‌ನ ಸಣ್ಣ ಯೂನಿಕಾಸ್ಟ್ (ಒಬ್ಬರಿಗೇ ಹೋಗುವ) ಪ್ಯಾಕೆಟ್. ಓಎಸ್‌ಪಿಎಫ್ ನಾನಿದ್ದೇನೆ ಅಂತ ಆಗಾಗ ಕಳಿಸುವ ಹೆಲೋ ಹೋಗುವುದು 224.0.0.5 ಅನ್ನುವ ಮಲ್ಟಿಕಾಸ್ಟ್ (ಗುಂಪಿಗೆಲ್ಲ ಹೋಗುವ) ವಿಳಾಸಕ್ಕೆ. ಅದು ಟಿಸಿಪಿಯೂ ಅಲ್ಲ, ಯುಡಿಪಿಯೂ ಅಲ್ಲ, ಐಪಿ ಪ್ರೊಟೊಕಾಲ್ ನಂಬರ್ 89. ರೇಡಿಯೋ, ಸ್ವಿಚ್, ಫೈರ್‌ವಾಲ್ ಎಲ್ಲವೂ ಇದನ್ನು ಬೇರೆ ಥರ ನೋಡುತ್ತವೆ. ಆದ್ದರಿಂದ ಸರ್ವಿಸ್ ರೀಸ್ಟಾರ್ಟ್ ಮಾಡ್ತಾ ಕೂರಬೇಡಿ. ನೇಬರ್ ಯಾವ ಸ್ಟೇಟ್‌ನಲ್ಲಿ ನಿಂತಿದೆ ಅನ್ನುವುದೇ ಎಲ್ಲಿ ಹುಡುಕಬೇಕು ಅಂತ ಹೇಳುತ್ತದೆ. ರೀಸ್ಟಾರ್ಟ್ ಮಾಡಿದರೆ ಆ ಸುಳಿವೇ ಅಳಿಸಿಹೋಗುತ್ತದೆ.

ಅದಕ್ಕೂ ಮೊದಲು ಒಂದು ಕೆಲಸ. ಮೆಣಸಿನಕಾಯಿ ಸೀಸನ್‌ನಲ್ಲಿ ನಿಮ್ಮ ಬಿಲ್ಲಿಂಗ್ ನಿಲ್ಲುವ ಹಾಗಿಲ್ಲ. ಎರಡೂ ಕಡೆ ಒಂದೊಂದು ಸ್ಟ್ಯಾಟಿಕ್ ರೂಟ್ ಹಾಕಿ, ಡಿಸ್ಟೆನ್ಸ್ (ಕಡಿಮೆ ಇದ್ದದ್ದೇ ಗೆಲ್ಲುವ ಅಂಕಿ) 200 ಕೊಡಿ. ಓಎಸ್‌ಪಿಎಫ್‌ನದು 110, ಹಾಗಾಗಿ ನೇಬರ್ ಸರಿಹೋದ ತಕ್ಷಣ ಈ ರೂಟ್ ತಾನೇ ಹಿಂದೆ ಸರಿಯುತ್ತದೆ. ಇದಾದ ಮೇಲೆ ನಿಧಾನವಾಗಿ ಹುಡುಕಬಹುದು.

ಈಗ ಎಕ್ಸ್‌ಸ್ಟಾರ್ಟ್. ಇದು ನೂರಕ್ಕೆ ತೊಂಬತ್ತು ಪಾಲು ಎಂಟಿಯು, ಅಂದರೆ ಒಮ್ಮೆಗೆ ಹೋಗಬಹುದಾದ ಅತಿ ದೊಡ್ಡ ಪ್ಯಾಕೆಟ್ ಸೈಜಿನ ಜಗಳ. ನಿಮ್ಮ ವಿಷಯದಲ್ಲಿ ಕಾರಣವನ್ನು ನೀವೇ ಬರೆದಿದ್ದೀರಿ: ಟನಲ್ ಸೇರಿಸಿದ ಮೇಲೆ ಶುರುವಾಯಿತು. ವಿಎಕ್ಸ್‌ಲ್ಯಾನ್ ಪ್ರತಿ ಪ್ಯಾಕೆಟ್‌ಗೆ 50 ಬೈಟ್ ಹೊರೆ ಹಾಕುತ್ತದೆ: ಒಳಗಿನ ಈಥರ್ನೆಟ್ ಹೆಡರ್ 14, ವಿಎಕ್ಸ್‌ಲ್ಯಾನ್ 8, ಯುಡಿಪಿ 8, ಹೊರಗಿನ ಐಪಿ 20. ಅದಕ್ಕೇ ಟನಲ್‌ನ ಎಂಟಿಯು ಸಾಮಾನ್ಯವಾಗಿ 1450 ಇರುತ್ತದೆ. ಲಿನಕ್ಸ್ ಬ್ರಿಡ್ಜ್‌ನ ಗುಣ ಏನಂದರೆ, ನೀವು ಕೈಯಾರೆ ಎಂಟಿಯು ಕೊಟ್ಟಿರದಿದ್ದರೆ ಅದು ತನ್ನ ಪೋರ್ಟ್‌ಗಳಲ್ಲಿ ಯಾವುದರದು ಕಡಿಮೆಯೋ ಅದನ್ನೇ ತೆಗೆದುಕೊಳ್ಳುತ್ತದೆ. ಟನಲ್ ಸೇರಿದ ಕ್ಷಣ ಇಡೀ ಬ್ರಿಡ್ಜ್ 1500ರಿಂದ 1450ಕ್ಕೆ ಇಳಿದಿರುತ್ತದೆ. ಯಾರೂ ಏನೂ ಹೇಳುವುದಿಲ್ಲ. ಆ ಕಡೆ ಮೈಕ್ರೋಟಿಕ್ ಇನ್ನೂ 1500ರಲ್ಲೇ ಇದೆ.

ಎಕ್ಸ್‌ಸ್ಟಾರ್ಟ್ ಹಂತದಲ್ಲಿ ಹೋಗುವ ಓಎಸ್‌ಪಿಎಫ್‌ನ ಡೇಟಾಬೇಸ್ ಡಿಸ್ಕ್ರಿಪ್ಶನ್ ಪ್ಯಾಕೆಟ್‌ನಲ್ಲಿ ಇಂಟರ್ಫೇಸ್‌ನ ಎಂಟಿಯು ಬರೆದಿರುತ್ತದೆ. ಆ ಅಂಕಿ ತನ್ನದಕ್ಕಿಂತ ದೊಡ್ಡದಿದ್ದರೆ ಪಡೆದವನು ಆ ಪ್ಯಾಕೆಟ್ಟನ್ನೇ ಎಸೆಯಬೇಕು ಅನ್ನುವುದು ಆರ್‌ಎಫ್‌ಸಿ 2328ರ ನಿಯಮ. ನಿಮ್ಮ ಲಿನಕ್ಸ್ ಬಾಕ್ಸ್ ಮಾಡುತ್ತಿರುವುದು ಅದನ್ನೇ. ಹೆಲೋದಲ್ಲಿ ಎಂಟಿಯು ಇರುವುದೇ ಇಲ್ಲ, ಹಾಗಾಗಿ ಹೆಲೋ ಎಲ್ಲ ಸಲೀಸಾಗಿ ನಡೆದು, ಡೇಟಾಬೇಸ್ ವಿಚಾರಕ್ಕೆ ಬಂದಾಗ ಮಾತ್ರ ಸಿಕ್ಕಿಬೀಳುತ್ತದೆ. ಎರಡೂ ಕಡೆ ನೇಬರ್ ಪಟ್ಟಿ ತೆಗೆದು ನೋಡಿ. ಕಡಿಮೆ ಎಂಟಿಯು ಇರುವ ಕಡೆ ಎಕ್ಸ್‌ಸ್ಟಾರ್ಟ್, ಜಾಸ್ತಿ ಇರುವ ಕಡೆ ಮುಂದಿನ ಹಂತವಾದ ಎಕ್ಸ್‌ಚೇಂಜ್ ಅಂತ ಕಂಡರೆ ಅನುಮಾನವೇ ಬೇಡ. ಎಫ್‌ಆರ್‌ಆರ್ ಲಾಗ್‌ನಲ್ಲೂ ನೇಬರ್‌ನ ಎಂಟಿಯು 1500, ನನ್ನ ಬ್ರಿಡ್ಜ್‌ನದು 1450, ಅವನದೇ ದೊಡ್ಡದು ಅನ್ನುವ ಅರ್ಥದ ಸಾಲು ಇರುತ್ತದೆ. ಲಿಂಕ್‌ನಲ್ಲಿ ನಿಜಕ್ಕೂ 1500 ಹಿಡಿಸುತ್ತದೆಯಾ ಅಂತ ನೋಡಲು, ಬ್ರಿಡ್ಜ್ ಮತ್ತೆ 1500ಕ್ಕೆ ಬಂದ ಮೇಲೆ, ಲಿನಕ್ಸ್‌ನಿಂದ ಫ್ರಾಗ್ಮೆಂಟ್ (ತುಂಡು) ಮಾಡಬೇಡ ಅನ್ನುವ ಆಯ್ಕೆ ಕೊಟ್ಟು 1472 ಸೈಜಿನ ಪಿಂಗ್ ಹೊಡೆಯಿರಿ. ಅದಕ್ಕೆ ಹೆಡರ್‌ಗಳ 28 ಸೇರಿ ಸರಿಯಾಗಿ 1500 ಆಗುತ್ತದೆ.

ಎಂಟಿಯು ಇಗ್ನೋರ್ (ಈ ತಾಳೆ ನೋಡುವುದನ್ನೇ ಬಿಡುವ ಆಯ್ಕೆ) ಹಾಕಿಬಿಡಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಹಾಕಬೇಡಿ. ನೇಬರ್ ಫುಲ್ ಆಗುತ್ತದೆ ನಿಜ. ಆದರೆ ಬ್ರಿಡ್ಜ್ ಲೇಯರ್ 2 ಸಾಧನ (ಐಪಿ ನೋಡದೆ ಫ್ರೇಮ್ ದಾಟಿಸುವಂಥದ್ದು), ದೊಡ್ಡ ಫ್ರೇಮ್ ಸಣ್ಣ ಪೋರ್ಟ್‌ನಲ್ಲಿ ಹಿಡಿಸದಿದ್ದರೆ ಅದು ಐಸಿಎಂಪಿ ಸಂದೇಶ ಕಳಿಸಿ ಚಿಕ್ಕದು ಮಾಡು ಅಂತ ಹೇಳುವುದಿಲ್ಲ, ಸದ್ದಿಲ್ಲದೆ ಬಿಸಾಕುತ್ತದೆ. ಆಮೇಲೆ ಕೋಲ್ಡ್ ಸ್ಟೋರೇಜ್‌ನಿಂದ ಹುಬ್ಬಳ್ಳಿಗೆ ಲಾಗಿನ್ ಆಗುತ್ತೆ, ಫೈಲ್ ಮಾತ್ರ ಹೋಗಲ್ಲ ಅನ್ನುವ ದೂರು ಬರುತ್ತದೆ. ಅದನ್ನು ಹುಡುಕುವುದು ಇದಕ್ಕಿಂತ ಕಷ್ಟ.

ನನ್ನ ಪ್ರಕಾರ ಸರಿಯಾದ ದಾರಿ ಒಂದೇ: ಟನಲ್ಲನ್ನು ಬ್ರಿಡ್ಜಿನಿಂದ ಹೊರಗೆ ತೆಗೆಯಿರಿ. ನಿಮ್ಮ ಹತ್ತಿರ ರೂಟಿಂಗ್ ಪ್ರೊಟೊಕಾಲ್ ಇದೆ ಅಲ್ವಾ, ಮತ್ತೆ ಬ್ಯಾಡಗಿಯ ಬ್ರಾಡ್‌ಕಾಸ್ಟ್ ಎಲ್ಲ ಹುಬ್ಬಳ್ಳಿವರೆಗೆ ಯಾಕೆ ಹೋಗಬೇಕು? ಟನಲ್‌ಗೆ ಬೇರೆ /30 (ಎರಡು ತುದಿಗೆ ಸಾಕಾಗುವ ಸಣ್ಣ ಸಬ್‌ನೆಟ್) ಕೊಡಿ, ಅದರ ಮೇಲೆ ಪಾಯಿಂಟ್ ಟು ಪಾಯಿಂಟ್ ಮಾದರಿಯಲ್ಲಿ ಪ್ರತ್ಯೇಕ ಓಎಸ್‌ಪಿಎಫ್ ಓಡಿಸಿ, ಎರಡೂ ತುದಿಯಲ್ಲಿ ಎಂಟಿಯು ಒಂದೇ ಇರಲಿ. ಬ್ರಾಡ್‌ಬ್ಯಾಂಡ್ ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ ಬಗೆ) ಆಗಿದ್ದರೆ ಅದರದ್ದೇ ಎಂಟಿಯು 1492, ಆಗ ಟನಲ್‌ಗೆ 1442 ಇಡಿ. ತೆಗೆದ ಮೇಲೆ ಬ್ರಿಡ್ಜ್ ಮತ್ತೆ 1500ಕ್ಕೆ ಬಂತಾ ಅಂತ ಕಣ್ಣಾರೆ ನೋಡಿ.

ಟನಲ್ ಬ್ರಿಡ್ಜ್‌ನಲ್ಲಿದ್ದರೆ ಇನ್ನೊಂದು ತೊಂದರೆಯೂ ಇದೆ. ನೀವು ಮ್ಯಾಕ್ (ಹಾರ್ಡ್‌ವೇರ್) ವಿಳಾಸ ನಿಗದಿ ಮಾಡಿರದಿದ್ದರೆ ಲಿನಕ್ಸ್ ಬ್ರಿಡ್ಜ್ ತನ್ನ ಪೋರ್ಟ್‌ಗಳಲ್ಲಿ ಅತಿ ಸಣ್ಣ ಮ್ಯಾಕ್ ಯಾವುದೋ ಅದನ್ನೇ ತನ್ನದು ಅನ್ನುತ್ತದೆ. ಪೋರ್ಟ್ ಸೇರಿದಾಗ, ಹೋದಾಗ ಅದು ಬದಲಾಗಬಹುದು. ಹೆಲೋ ಮಲ್ಟಿಕಾಸ್ಟ್, ಅದಕ್ಕೇನೂ ಆಗುವುದಿಲ್ಲ. ಆದರೆ ಡೇಟಾಬೇಸ್ ಪ್ಯಾಕೆಟ್ ಯೂನಿಕಾಸ್ಟ್, ಮೈಕ್ರೋಟಿಕ್ ಸ್ವಲ್ಪ ಹೊತ್ತು ಹಳೆಯ ಮ್ಯಾಕ್‌ಗೇ ಕಳಿಸುತ್ತಿರುತ್ತದೆ. ಎರಡೂ ಕಡೆ ಬ್ರಿಡ್ಜ್‌ನ ಮ್ಯಾಕ್ ಕೈಯಾರೆ ನಿಗದಿ ಮಾಡಿ. ಮೈಕ್ರೋಟಿಕ್‌ನಲ್ಲಿ ಅದಕ್ಕೆ ಅಡ್ಮಿನ್ ಮ್ಯಾಕ್ ಅಂತಾರೆ.

ಇನ್ನು ಇನಿಟ್. ಇದನ್ನು ತೋರಿಸುವ ರೂಟರ್ ಹೇಳುತ್ತಿರುವುದು: ನೇಬರ್‌ನ ಹೆಲೋ ನನಗೆ ಬಂದಿದೆ, ಆದರೆ ಅದರಲ್ಲಿ ನನ್ನ ಹೆಸರಿಲ್ಲ. ಅಂದರೆ ನನ್ನ ಹೆಲೋ ಅವನಿಗೆ ಮುಟ್ಟಿಲ್ಲ. ಹುಡುಕಬೇಕಾದ್ದು ನನ್ನಿಂದ ಅವನ ಕಡೆಗಿನ ದಾರಿ ಮಾತ್ರ. ಹೆಲೋ ಮುಟ್ಟದ ಕಡೆ ಟಿಸಿಪಿಡಂಪ್ ಥರದ ಪ್ಯಾಕೆಟ್ ನೋಡುವ ಸಾಧನ ಹಚ್ಚಿ, ಪ್ರೊಟೊಕಾಲ್ 89 ಮಾತ್ರ ಫಿಲ್ಟರ್ ಮಾಡಿ, ಮೊದಲು ರೇಡಿಯೋ ಕಡೆಯ ಪೋರ್ಟ್ ಮೇಲೆ ನೋಡಿ, ಆಮೇಲೆ ಬ್ರಿಡ್ಜ್ ಮೇಲೆ ನೋಡಿ. 10 ಸೆಕೆಂಡಿಗೊಂದು ಹೆಲೋ ಕಾಣಬೇಕು. ಪೋರ್ಟ್‌ನಲ್ಲಿ ಕಂಡು ಬ್ರಿಡ್ಜ್‌ನಲ್ಲಿ ಕಾಣದಿದ್ದರೆ ತಪ್ಪು ಬ್ರಿಡ್ಜ್‌ನದು. ಎರಡರಲ್ಲೂ ಕಂಡು ನೇಬರ್ ಮಾತ್ರ ಇಲ್ಲದಿದ್ದರೆ ಫೈರ್‌ವಾಲ್ ಇನ್‌ಪುಟ್‌ನಲ್ಲಿ 89 ಬಿಟ್ಟಿಲ್ಲ, ಇಲ್ಲವೇ ಸಬ್‌ನೆಟ್ ಮಾಸ್ಕ್ ಅಥವಾ ಟೈಮರ್ ಹೊಂದುತ್ತಿಲ್ಲ.

ಮೈಕ್ರೋಟಿಕ್ ಕಡೆ ಐಪಿ ವಿಳಾಸ, ಓಎಸ್‌ಪಿಎಫ್ ಟೆಂಪ್ಲೇಟ್ ಎರಡೂ ಬ್ರಿಡ್ಜ್ ಮೇಲೇ ಇರಬೇಕು. ಬ್ರಿಡ್ಜಿಗೆ ಸೇರಿದ ಪೋರ್ಟ್‌ಗೆ ಸ್ವಂತ ಐಪಿ ಬದುಕು ಇಲ್ಲ. ವಿಲ್ಯಾನ್ (ಒಂದೇ ಜಾಲವನ್ನು ಬೇರೆ ಬೇರೆ ಲ್ಯಾನ್ ಮಾಡುವುದು) ಫಿಲ್ಟರಿಂಗ್ ಹಾಕಿದ್ದರೆ ಆ ವಿಲ್ಯಾನ್‌ನ ಟ್ಯಾಗ್ಡ್ ಪಟ್ಟಿಯಲ್ಲಿ ಬ್ರಿಡ್ಜ್‌ನ ಹೆಸರೂ ಇರಬೇಕು. ಗದಗ-ಬೆಟಗೇರಿಯ ಒಂದು ಕಡೆ ಇದನ್ನೇ ನೋಡಿದೆ. ಪೋರ್ಟ್‌ಗಳೆಲ್ಲ ಪಟ್ಟಿಯಲ್ಲಿದ್ದವು, ಬ್ರಿಡ್ಜ್ ಇರಲಿಲ್ಲ, ಹೆಲೋ ಪೋರ್ಟ್‌ವರೆಗೆ ಬಂದು ರೂಟರ್‌ನ ಸಿಪಿಯು ಮುಟ್ಟುತ್ತಿರಲಿಲ್ಲ. ಒಂದು ಹೆಸರು ಸೇರಿಸಿದ ಮೇಲೆ ನೇಬರ್ ಫುಲ್ ಆಯಿತು.

ನಿಮ್ಮ ಇನಿಟ್ ಬಂದು ಹೋಗುವುದರಿಂದ ನನಗೆ ಜಾಸ್ತಿ ಅನುಮಾನ ರೇಡಿಯೋ ಮೇಲೆ. ಸಾಮಾನ್ಯ ವೈಫೈನಲ್ಲಿ ಸ್ಟೇಷನ್‌ನಿಂದ ಆಕ್ಸೆಸ್ ಪಾಯಿಂಟ್‌ಗೆ ಹೋಗುವ ಮಲ್ಟಿಕಾಸ್ಟ್‌ಗೆ ಅಕ್ನಾಲೆಜ್‌ಮೆಂಟ್ ಇರುತ್ತದೆ, ಕಳೆದುಹೋದರೆ ಮತ್ತೆ ಕಳಿಸುತ್ತದೆ. ಆಕ್ಸೆಸ್ ಪಾಯಿಂಟ್‌ನಿಂದ ಸ್ಟೇಷನ್‌ಗೆ ಬರುವುದಕ್ಕೆ ಆ ಭಾಗ್ಯ ಇಲ್ಲ, ಹೋದರೆ ಹೋಯಿತು. ಹಾಗಾಗಿ ಹೆಲೋ ಒಂದೇ ದಿಕ್ಕಿನಲ್ಲಿ ಕಳೆಯುತ್ತದೆ. ರೇಡಿಯೋಗಳನ್ನು ಡಬ್ಲ್ಯುಡಿಎಸ್ ಅಥವಾ ಸ್ಟೇಷನ್ ಬ್ರಿಡ್ಜ್ ಮೋಡ್‌ಗೆ ಹಾಕಿ, ಮಲ್ಟಿಕಾಸ್ಟನ್ನು ಯೂನಿಕಾಸ್ಟ್ ಮಾಡಿ ಕಳಿಸುವ ಆಯ್ಕೆ ಇದ್ದರೆ ಆನ್ ಮಾಡಿ. ಐಜಿಎಂಪಿ ಸ್ನೂಪಿಂಗ್ (ಕೇಳಿದ ಪೋರ್ಟ್‌ಗೆ ಮಾತ್ರ ಮಲ್ಟಿಕಾಸ್ಟ್ ಬಿಡುವುದು) ಇದ್ದರೆ ಒಮ್ಮೆ ಆಫ್ ಮಾಡಿ ನೋಡಿ. 224.0.0 ಸಾಲಿನ ವಿಳಾಸಗಳನ್ನು ಸ್ನೂಪಿಂಗ್ ತಡೆಯಬಾರದು, ಆದರೂ ಕೆಲವು ಅಗ್ಗದ ಸಾಧನಗಳು ತಡೆಯುತ್ತವೆ. ಏನು ಮಾಡಿದರೂ ಆಗದಿದ್ದರೆ ಎರಡೂ ಕಡೆ ಎನ್‌ಬಿಎಂಎ (ಬ್ರಾಡ್‌ಕಾಸ್ಟ್ ಇಲ್ಲದ ಜಾಲದ ಮಾದರಿ) ಮಾಡಿ ನೇಬರ್ ವಿಳಾಸ ಕೈಯಾರೆ ಕೊಡಿ, ಆಗ ಹೆಲೋ ಯೂನಿಕಾಸ್ಟ್ ಆಗಿಯೇ ಹೋಗುತ್ತದೆ. ಒಂದೇ ಕಡೆ ಬದಲಾಯಿಸಬೇಡಿ.

ಫುಲ್ ಬಂದ ಮೇಲೂ ಅಲ್ಲಿಗೇ ಬಿಡಬೇಡಿ. ಎಫ್‌ಆರ್‌ಆರ್‌ನ ನೇಬರ್ ಪಟ್ಟಿಯಲ್ಲಿ ಡೆಡ್ ಟೈಮ್ ಅಂತ ಒಂದು ಕಾಲಂ ಇದೆ. ಬ್ರಾಡ್‌ಕಾಸ್ಟ್ ಮಾದರಿಯಲ್ಲಿ ಅದು 40ರಿಂದ ಕೆಳಗೆ ಎಣಿಸುತ್ತಾ, ಪ್ರತಿ ಹೆಲೋಗೆ ಮತ್ತೆ 40ಕ್ಕೆ ಹಾರುತ್ತದೆ. 30ರ ಹತ್ತಿರ ಹೋಗಿ ವಾಪಸ್ ಬರುತ್ತಿದ್ದರೆ ಸರಿ. ಆಗಾಗ 20ರ ಹತ್ತಿರ ಇಳಿಯುತ್ತಿದ್ದರೆ ಹೆಲೋ ಈಗಲೂ ಕಳೆಯುತ್ತಿದೆ. ಆಗ ಮತ್ತೆ ರೇಡಿಯೋ ಸೆಟ್ಟಿಂಗ್ ನೋಡಿ.