ವೃದ್ಧಾಶ್ರಮದ ನರ್ಸ್‌ಗೆ ಪ್ರೀತಿಯೊಂದಿದ್ದರೆ ಸಾಲದೇ?

ತಾಯಿಯವರನ್ನು ವೃದ್ಧಾಶ್ರಮಕ್ಕೆ ಸೇರಿಸಲಿರುವ ನೀವು, ನರ್ಸ್‌ಗಳು ಪ್ರೀತಿಯಿಂದ ನೋಡಿಕೊಂಡರೆ ಸಾಲದೇ, ವೃತ್ತಿಪರತೆಯೆಂದು ಬೇರೆ ಏನನ್ನು ಗಮನಿಸಬೇಕು ಎಂದು ಕೇಳಿದ್ದೀರಿ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ 12 ವರ್ಷಗಳಿಂದ ಇದೇ ಕೆಲಸದಲ್ಲಿರುವ ನನ್ನ ಅನುಭವದಲ್ಲಿ ಪ್ರೀತಿ ಬೇಕೇ ಬೇಕು, ಆದರೆ ಅದೊಂದೇ ಸಾಲದು.

ನಮ್ಮಲ್ಲಿ 82 ವರ್ಷದ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ಪ್ರತಿದಿನ ತಮ್ಮ ಹೊದಿಕೆಯನ್ನು ತಾವೇ ಅಂಚಿಗೆ ಅಂಚು ಸೇರಿಸಿ ಮಡಚಿಡುತ್ತಿದ್ದವರು, ಒಂದು ಸಂಜೆ ಹೊದಿಕೆಯನ್ನು ಎದೆಗವಚಿಕೊಂಡು "ಶಾಲೆಗೆ ಹೊತ್ತಾಯಿತು, ಬಿಡಿ" ಎಂದು ಬಾಗಿಲು ತಟ್ಟತೊಡಗಿದರು. ಅವರನ್ನು ಹೆತ್ತ ತಾಯಿಯಂತೆ ನೋಡಿಕೊಳ್ಳುತ್ತಿದ್ದ ಆಯಾ, "ವಯಸ್ಸಾಯಿತಲ್ಲ ಸಿಸ್ಟರ್, ಅರಳುಮರಳು" ಎಂದು ಕಣ್ಣೊರೆಸಿಕೊಂಡರು. ನರ್ಸ್ ಆದವಳು ಅಲ್ಲಿ ಕೇಳಬೇಕಾದ ಪ್ರಶ್ನೆ, ಇದು ಎಂದಿನಿಂದ ಎಂಬುದು. ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ಬೆಳೆಯುತ್ತದೆ. ಒಂದೆರಡು ದಿನಗಳಲ್ಲಿ ಎರಗುವ ಗೊಂದಲಕ್ಕೆ ಸೋಂಕು, ನೀರಿನ ಕೊರತೆ, ಮಲಬದ್ಧತೆ ಅಥವಾ ಹೊಸದಾಗಿ ಆರಂಭಿಸಿದ ಮಾತ್ರೆ ಕಾರಣವಾಗಿರಬಹುದು, ಮತ್ತು ವಯಸ್ಸಾದವರಲ್ಲಿ ಸೋಂಕಿದ್ದರೂ ಜ್ವರ ಕಾಣಿಸದೆ ಇರಬಹುದು. ಆ ಎರಡು ದಿನ ಅವರು ಸರಿಯಾಗಿ ನೀರು ಕುಡಿದಿರಲಿಲ್ಲವೆಂಬುದು ದಾಖಲೆಯಿಂದ ತಿಳಿಯಿತು. ವೈದ್ಯರನ್ನು ಕರೆಸಿದಾಗ ಮೂತ್ರದ ಸೋಂಕು ಪತ್ತೆಯಾಯಿತು. ವಾರದೊಳಗೆ ಅವರು ಮತ್ತೆ ಹೊದಿಕೆ ಮಡಚುತ್ತಿದ್ದರು.

ದಾಖಲೆ ಸತ್ಯವಾಗಿದ್ದರೆ ಮಾತ್ರ ಇದು ಸಾಧ್ಯ. ಹಾಸಿಗೆ ಹಿಡಿದವರಿಗೆ ಹುಣ್ಣಾಗದಂತೆ ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ರಾತ್ರಿ, ಹಾಸಿಗೆ ಹಿಡಿದಿದ್ದ ಅಜ್ಜನೊಬ್ಬರಿಗೆ ನಾನು ಮಗ್ಗುಲು ಬದಲಿಸದೇ ಬಿಟ್ಟ ನಡುರಾತ್ರಿ 2 ಗಂಟೆಯ ಸರದಿಗೆ ಬೆಳಗಿನ ಜಾವ ಸಹಿ ಹಾಕಿಬಿಟ್ಟೆ. ಪಠ್ಯಪುಸ್ತಕದಲ್ಲಿ ಹುಣ್ಣಿನ ಮೊದಲ ಗುರುತು ಕೆಂಪು ಎಂದು ಓದಿದ್ದೆ, ಆದರೆ ನಮ್ಮ ಕಂದು ಚರ್ಮದಲ್ಲಿ ಆ ಕೆಂಪು ಸುಲಭವಾಗಿ ಕಾಣುವುದಿಲ್ಲ. ಬೆಳಿಗ್ಗೆ ಆ ಅಜ್ಜನ ಸೊಂಟದ ಕೆಳಗೆ ಬೆರಳಿಟ್ಟಾಗ ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿ, ಗಟ್ಟಿಯಾಗಿ ಹತ್ತಿತು. ಹಿರಿಯ ಸಿಸ್ಟರ್ ಬಳಿ ಒಪ್ಪಿಕೊಂಡೆ. ಅವರು ಗದರಲಿಲ್ಲ, ತಪ್ಪಾದ ಸಹಿಯನ್ನು ಅಳಿಸದೆ ಅದರ ಕೆಳಗೆ ನಿಜವನ್ನು ಸಮಯದೊಂದಿಗೆ ನನ್ನಿಂದಲೇ ಬರೆಯಿಸಿದರು. ಮುಂದಿನ ಪಾಳಿಯವರು ಅದನ್ನು ಓದಿ ಆ ಮಗ್ಗುಲಿಗೆ ಭಾರ ಬೀಳದಂತೆ ನೋಡಿಕೊಂಡರು.

ಮಾತಿನ ರೀತಿಯನ್ನೂ ಗಮನಿಸಿ. ಮಮತೆಯ ಹೆಸರಿನಲ್ಲಿ ಹಿರಿಯರನ್ನು ಏಕವಚನದಲ್ಲಿ ಕರೆಯುವುದು, ಬಾಗಿಲು ತೆರೆದಿಟ್ಟೇ ಬಟ್ಟೆ ಬದಲಿಸುವುದು ನನಗೆ ಒಪ್ಪಿಗೆಯಿಲ್ಲ.

ನೋಡಲು ಹೋದಾಗ, ಸಿಸ್ಟರ್ ಎಂದು ಕರೆಸಿಕೊಳ್ಳುವವರಲ್ಲಿ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿದವರು ಎಷ್ಟು ಮಂದಿ, ರಾತ್ರಿ ಪಾಳಿಯಲ್ಲಿ ಯಾರಿರುತ್ತಾರೆ ಎಂದು ಕೇಳಿ. ಆ ದಿನದ ಔಷಧಿ ಪಟ್ಟಿಯೊಂದನ್ನು ಹೆಸರು ಮುಚ್ಚಿ ತೋರಿಸುವಂತೆ ವಿನಂತಿಸಿ. ಬೆಳಿಗ್ಗೆ 11 ಗಂಟೆಗೇ ರಾತ್ರಿ 8ರ ಮಾತ್ರೆಗೂ ಸಹಿ ಬಿದ್ದಿದ್ದರೆ, ತಾಯಿಯವರನ್ನು ಅಲ್ಲಿ ಬಿಡಬೇಡಿ.