ವೃದ್ಧಾಶ್ರಮ ಬೇಡ ಮೇಡಂ, ತಿಂಗಳ ದುಡ್ಡು ಸಾಕು

ಶಿವಮೊಗ್ಗದ ಮೇಡಂ,

ನಿಮ್ಮ ಪತ್ರ ಪೂರ್ತಿ ಅಚ್ಚು ಹಾಕಕ್ಕೆ ಜಾಗ ಇಲ್ಲ, ಹಾಗಾಗಿ ಬೇರೆ ಓದುಗರಿಗೋಸ್ಕರ ಚುಟುಕಾಗಿ ಹೇಳ್ಬಿಡ್ತೀನಿ. ನಿಮ್ಮ ಮಗ ತಾಂಜಾನಿಯಾದ ಮ್ವಾಂಜಾದಲ್ಲಿ ಕೆಲಸದಲ್ಲಿದಾರೆ, ಅವರ ಆಫೀಸಿನವರೊಬ್ರ ಊರು ಕಗೇರಾ ಪ್ರಾಂತ್ಯದ ಒಂದು ಹಳ್ಳಿ, ಅಲ್ಲಿ ವಯಸ್ಸಾದ ಹೆಂಗಸ್ರು ಮೊಮ್ಮಕ್ಕಳನ್ನ ಕಟ್ಕೊಂಡು ಒದ್ದಾಡೋದನ್ನ ಮಗ ಫೋನಲ್ಲಿ ಹೇಳಿದ್ದು ನಿಮ್ಮ ಮನಸ್ಸಿಗೆ ನಾಟಿದೆ. ಮಹಿಳಾ ಸಮಾಜದಿಂದ ಹಳೇ ಸೀರೆ, ಕಂಬಳಿ ಕಳಿಸೋಣ, ಆಮೇಲೆ ದುಡ್ಡು ಕೂಡಿಸಿ ಒಂದು ವೃದ್ಧಾಶ್ರಮ ಕಟ್ಟಿಸೋಣ ಅಂತ ನಿಮ್ಮ ಪ್ಲಾನು. ಯಜಮಾನ್ರು ಮಾತ್ರ "ಏನಾದ್ರೂ ಮಾಡಿ, ಕೈಗೆ ದುಡ್ಡು ಕೊಡ್ಬೇಡಿ, ಕುಡಿದು ಹಾಳ್ಮಾಡ್ತಾರೆ" ಅಂದ್ರಂತೆ.

ಸೀದಾ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಸೀರೆ ಬೇಡ, ಕಟ್ಟಡ ಬೇಡ. ಯಜಮಾನ್ರು ಯಾವುದು ಬೇಡ ಅಂದ್ರೋ ಅದನ್ನೇ ಮಾಡಿ.

ಯಾಕೆ ಅಂದ್ರೆ ಕಗೇರಾದ ಕಥೆನೇ ಬೇರೆ. ವಿಕ್ಟೋರಿಯಾ ಸರೋವರದ ಪಶ್ಚಿಮ ದಡ, ಉಗಾಂಡ, ರುವಾಂಡ, ಬುರುಂಡಿ ಗಡಿ, ಬಾಳೆ ಮತ್ತೆ ಕಾಫಿ ತೋಟದ ನಾಡು, ಮಲೆನಾಡಿನವರಾದ ನಿಮಗೆ ಫೋಟೋ ನೋಡಿದ್ರೆ ಅಪರಿಚಿತ ಅನ್ಸಲ್ಲ. 1978ರಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನನ ಸೈನ್ಯ ನುಗ್ಗಿದ್ದು ಇಲ್ಲಿಗೇ. ಆ ಯುದ್ಧದಿಂದ ಸುಧಾರಿಸ್ಕೊಳ್ಳೋ ಹೊತ್ತಿಗೆ, 1983ರಲ್ಲಿ, ತಾಂಜಾನಿಯಾದ ಮೊದಲ ಏಡ್ಸ್ ಕೇಸುಗಳು ಪತ್ತೆಯಾಗಿದ್ದೂ ಈ ಪ್ರಾಂತ್ಯದಲ್ಲೇ. ಔಷಧಿ ಹಳ್ಳಿ ಮುಟ್ಟೋಕೆ ಎಷ್ಟೋ ವರ್ಷ ಹಿಡೀತು, ಅಷ್ಟರಲ್ಲಿ ದುಡಿಯೋ ವಯಸ್ಸಿನವರು ಮನೆಮನೆಯಲ್ಲೂ ಹೋಗ್ಬಿಟ್ರು, ಉಳಿದಿದ್ದು ಅಜ್ಜಿ ಮತ್ತೆ ಮೊಮ್ಮಕ್ಕಳು. ಮಗ ಸೊಸೆ ನೋಡ್ಕೋತಾರೆ ಅನ್ಕೊಂಡಿದ್ದ ವಯಸ್ಸಲ್ಲಿ ಅವರನ್ನೇ ಮಣ್ಣು ಮಾಡಿ, ಮತ್ತೆ ಶುರುವಿಂದ ಮಕ್ಕಳ ಮೂಗು ಒರೆಸಿ ಸ್ಕೂಲಿಗೆ ಕಳಿಸೋ ಕೆಲಸ. ಈಗ ಸಾವು ಕಮ್ಮಿ ಆಗಿದೆ, ನಿಜ. ಆದ್ರೆ ಆ ಅಜ್ಜಿನ ಕರ್ಕೊಂಡು ಹೋಗಿ ನಿಮ್ಮ ವೃದ್ಧಾಶ್ರಮದ ಮಂಚದ ಮೇಲೆ ಕೂರಿಸಿದ್ರೆ ಆ ಮಕ್ಕಳಿಗೆ ಬೇಯಿಸಿ ಹಾಕೋರು ಯಾರು? ನೀವು ಆಸರೆ ಇಲ್ಲದೋರು ಅಂತ ಬರೆದಿದೀರಿ, ಅಲ್ಲಿ ಆಸರೆನೇ ಅವರು.

ಇನ್ನೊಂದು ವಿಷ್ಯ, ಜಮೀನು. ಅಲ್ಲಿನ ಹಾಯಾ ಜನರ ಹಳೇ ಕಟ್ಟಳೆ ಪ್ರಕಾರ ಕುಲದ ಭೂಮಿನ ಹೆಂಗಸು ಅನುಭವಿಸಬಹುದು, ಮಾರೋ ಹಾಗಿಲ್ಲ. ಹೊಲಾರಿಯಾ ಪಾಸ್ಟೋರಿ ಅನ್ನೋರಿಗೆ ಅಪ್ಪ ವಿಲ್ ಬರೆದು ಭೂಮಿ ಕೊಟ್ಟಿದ್ರು, ಆಯಮ್ಮ ವಯಸ್ಸಾಯ್ತು, ನೋಡ್ಕೊಳ್ಳೋರು ಯಾರೂ ಇಲ್ಲ ಅಂತ 1988ರಲ್ಲಿ ಅದನ್ನ 3 ಲಕ್ಷ ಶಿಲ್ಲಿಂಗ್‌ಗೆ ಮಾರಿದ್ರು, ಕುಲದವನೊಬ್ಬ ಕೋರ್ಟಿಗೆ ಎಳೆದ. 1990ರಲ್ಲಿ ಮ್ವಾಂಜಾದ ಹೈಕೋರ್ಟು, ಹೌದು ನಿಮ್ಮ ಮಗ ಇರೋ ಊರೇ, ಗಂಡಸಿಗೆ ಇರೋ ಹಕ್ಕು ಹೆಂಗಸಿಗೂ ಇದೆ ಅಂತ ತೀರ್ಪು ಕೊಡ್ತು. ದೊಡ್ಡ ತೀರ್ಪು ಅದು, ಆಫ್ರಿಕಾದಲ್ಲೆಲ್ಲ ಇವತ್ತಿಗೂ ಓದ್ತಾರೆ. ನನಗೆ ಮಾತ್ರ ಕಾಡೋದು ಅದರ ಶುರು, ಮುಪ್ಪಿಗೆ ಒಂದಿಷ್ಟು ಕಾಸು ಬೇಕಾಗಿ ಇದ್ದ ಭೂಮಿನೇ ಮಾರ್ಬೇಕಾಯ್ತಲ್ಲ ಅನ್ನೋದು.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಕಗೇರಾದ ಮುಲೇಬಾ ಜಿಲ್ಲೆಯ ನ್ಶಾಂಬಾ ಅನ್ನೋ ಊರಲ್ಲಿ 2003ರಲ್ಲಿ 'ಕ್ವಾ ವಜೀ' ಅಂತ ಒಂದು ಸಂಸ್ಥೆ ಶುರುವಾಯ್ತು. ಅದೇ ಊರಲ್ಲಿ ಅನಾಥ ಮಕ್ಕಳ ಜೊತೆ ಕೆಲಸ ಮಾಡ್ತಿದ್ದ ಸ್ವಿಟ್ಜರ್ಲೆಂಡಿನ ಕುರ್ಟ್ ಮಡೋರಿನ್ ಅನ್ನೋರಿಗೆ, ಮಕ್ಕಳು ಉಳೀಬೇಕಾದ್ರೆ ಮೊದಲು ಅಜ್ಜಿ ಉಳೀಬೇಕು ಅಂತ ಹೊಳೀತು. ಮಾಡಿದ್ದು ಇಷ್ಟೇ, ಬಡ ಹಿರಿಯರಿಗೆ ತಿಂಗಳಿಗೆ 6,000 ಶಿಲ್ಲಿಂಗ್ ಪೆನ್ಷನ್, ಸಾಕ್ತಿರೋ ಮಗು ಒಂದಕ್ಕೆ ಇನ್ನೂ 3,000. ಆಗಿನ ಲೆಕ್ಕದಲ್ಲಿ 6,000 ಅಂದ್ರೆ ಹೆಚ್ಚುಕಮ್ಮಿ 5 ಡಾಲರ್, ನಮ್ಮ ಇನ್ನೂರು ರೂಪಾಯಿ ಚಿಲ್ರೆ. ಇಷ್ಟರಲ್ಲಿ ಏನಾಗುತ್ತೆ ಅಂತೀರಾ? 2008ರಲ್ಲಿ ಅದರ ಬಗ್ಗೆ ಒಂದು ಅಧ್ಯಯನ ಬಂತು, ದುಡ್ಡು ಹೋಗಿದ್ದು ಉಪ್ಪು, ಸೋಪು, ಮಕ್ಕಳ ಸ್ಕೂಲಿನ ಷೂ, ಬಾಳೆಕಾಯಿ ಜೊತೆಗೆ ಆಗೀಗ ಒಂದಿಷ್ಟು ಮೀನು, ಇಂಥದ್ದಕ್ಕೇ. ಯಜಮಾನ್ರಿಗೆ ಇದನ್ನ ಓದಿ ಹೇಳಿ. ಕುಡಿಯೋರು ಎಲ್ಲೂ ಇರ್ತಾರೆ ಬಿಡಿ, ನಮ್ಮೂರಲ್ಲಿಲ್ವಾ, ಆದ್ರೆ ಮೊಮ್ಮಗುವಿನ ಫೀಸು ಕಟ್ಟೋ ಅಜ್ಜಿನ ಆ ಲೆಕ್ಕಕ್ಕೆ ಸೇರಿಸೋದು ಅನ್ಯಾಯ.

ಅಲ್ಲಿ ನನಗೆ ಇನ್ನೂ ಹಿಡಿಸಿದ್ದು ಅಂದ್ರೆ ಹಿರಿಯರೇ ಅಕ್ಕಪಕ್ಕದವರು ಸೇರಿ ಗುಂಪು ಮಾಡ್ಕೊಂಡಿರೋದು. ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಹೋಗಿ ನೀರು ಸೌದೆ ತಂದ್ಕೊಡ್ತಾರೆ, ಚೂರುಪಾರು ಉಳಿತಾಯನೂ ನಡೆಯುತ್ತೆ. ನೀವು ಕೊಡೋದಾದ್ರೆ ಇಂಥ ಗುಂಪಿನ ಮೂಲಕ ಕೊಡಿ, ಯಾರ ಮನೇಲಿ ಒಲೆ ಉರೀತಿಲ್ಲ ಅಂತ ಅವರಿಗೆ ಗೊತ್ತಿರುತ್ತೆ, ನಿಮಗೂ ನನಗೂ ಗೊತ್ತಾಗಲ್ಲ.

ಒಲೆ ಅಂದಾಗ ನೆನಪಾಯ್ತು. ನಿಮ್ಮ ಮಗ ಇರೋ ಮ್ವಾಂಜಾ ಸುತ್ತಮುತ್ತ ಸುಕುಮಾ ಜನರ ಹಳ್ಳಿಗಳಲ್ಲಿ ವಯಸ್ಸಾದ ಹೆಂಗಸ್ರನ್ನ ಮಾಟಗಾತಿ ಅಂತ ಕೊಂದಿರೋ ಉದಾಹರಣೆಗಳು ಬೇಕಾದಷ್ಟಿವೆ. ಕಣ್ಣು ಕೆಂಪಗಿದ್ರೆ ಮಾಟ ಮಾಡ್ತಾಳೆ ಅನ್ನೋ ನಂಬಿಕೆ. ಜೀವಮಾನವೆಲ್ಲ ಹೊಗೆ ಒಲೆ ಮುಂದೆ ಕೂತವರ ಕಣ್ಣು ಇನ್ನೇನ್ ಆಗುತ್ತೆ ಹೇಳಿ! ಹಿರಿಯರಿಗೋಸ್ಕರ ಕೆಲಸ ಮಾಡೋ ಹೆಲ್ಪ್ಏಜ್ ಇಂಟರ್‌ನ್ಯಾಷನಲ್ ಸಂಸ್ಥೆ ಮತ್ತೆ ಅಲ್ಲಿನ ಸ್ಥಳೀಯ ಸಂಘಗಳು ಭಾಷಣದ ಜೊತೆಗೆ ಹೊಗೆ ಕಮ್ಮಿ ಇರೋ ಒಲೆ ಮಾಡ್ಸಿ, ಮನೆ ರಿಪೇರಿ ಮಾಡ್ಸಿಕೊಟ್ರು. ಪತ್ರದಲ್ಲಿ ನೀವು "ಆ ಜನ ಹಿರಿಯರನ್ನ ದೇವರ ಹಾಗೆ ನೋಡ್ತಾರೆ" ಅಂತ ಬರೆದಿದೀರಿ, ಗೌರವ ಇದೆ, ಇಲ್ಲ ಅಂತಲ್ಲ, ಆದ್ರೆ ಒಂಟಿ ಮುದುಕಿ, ಮೇಲೆ ಒಂದೆಕರೆ ಜಮೀನು ಅಂದ್ರೆ ಕೆಲವು ನೆಂಟರ ಕಣ್ಣು ಎಲ್ಲಿರುತ್ತೆ ಅನ್ನೋದು ನಿಮಗೆ ಗೊತ್ತಿಲ್ದೇ ಇಲ್ಲ.

ಸೀರೆ, ಕಂಬಳಿ ವಿಷಯ ಬೇಗ ಮುಗಿಸ್ತೀನಿ. ಪೂರ್ವ ಆಫ್ರಿಕಾದಲ್ಲಿ ಹಳೇ ಬಟ್ಟೆಗೆ ಮಿತುಂಬಾ ಅಂತ ದೊಡ್ಡ ಮಾರ್ಕೆಟ್ಟೇ ಇದೆ, ಪಶ್ಚಿಮದ ದೇಶಗಳಿಂದ ಬೇಲುಗಟ್ಟಲೆ ಬಂದು ಬೀಳುತ್ತೆ, ಇದನ್ನ ನಿಲ್ಲಿಸ್ಬೇಕು ಅಂತ ಅಲ್ಲಿನ ಸರ್ಕಾರಗಳೇ 2016ರಲ್ಲಿ ಮಾತಾಡಿದ್ವು. ನೀವು ಹಡಗಿಗೆ ಕೊಡೋ ಬಾಡಿಗೆಲಿ ಅಲ್ಲೇ ಹೊಸ ಕಂಬಳಿ ಬರುತ್ತೆ.

ಸರ್ಕಾರ ಏನೂ ಮಾಡಲ್ವಾ ಅಂತಾನೂ ಕೇಳಿದೀರಿ. ತಾಂಜಾನಿಯಾಗೇ ಸೇರಿದ, ಆದ್ರೆ ತನ್ನದೇ ಸರ್ಕಾರ ಇರೋ ದ್ವೀಪ ಜಾಂಜಿಬಾರ್ 2016ರ ಏಪ್ರಿಲ್‌ನಿಂದ 70 ದಾಟಿದ ಎಲ್ಲರಿಗೂ ತಿಂಗಳಿಗೆ 20,000 ಶಿಲ್ಲಿಂಗ್ ಕೊಡಕ್ಕೆ ಶುರು ಮಾಡ್ತು, ಬಡವ ಶ್ರೀಮಂತ ಅಂತ ನೋಡದೆ. ಪಕ್ಕದ ಕೀನ್ಯಾದಲ್ಲೂ 2018ರಿಂದ 70 ಆದವರಿಗೆ 2,000 ಕೀನ್ಯಾ ಶಿಲ್ಲಿಂಗ್ ಇದೆ. ತಾಂಜಾನಿಯಾದ ಮುಖ್ಯನೆಲದಲ್ಲಿ ಬಡ ಕುಟುಂಬಗಳಿಗೆ ಅಂತ ಒಂದು ಸ್ಕೀಮ್ ಇದೆ, ಆದ್ರೆ ಅದು ಕುಟುಂಬಕ್ಕೆ, ವಯಸ್ಸಾದವರೆಲ್ಲರಿಗೂ ಅಲ್ಲ. ನಮ್ಮ ಸಂಧ್ಯಾ ಸುರಕ್ಷಾ ದುಡ್ಡು ಒಂದು ತಿಂಗಳು ತಡ ಆದ್ರೆ ಪೋಸ್ಟಾಫೀಸ್ ಮುಂದೆ ಏನಾಗುತ್ತೆ ಅಂತ ನೀವೇ ನೋಡಿರ್ತೀರಿ. ಹಾಗಾಗಿ ದುಡ್ಡು ಎಷ್ಟು ಅನ್ನೋದಕ್ಕಿಂತ ತಪ್ಪದೆ ಬರುತ್ತಾ ಅನ್ನೋದು ಮುಖ್ಯ. 50 ಜನಕ್ಕೆ ಆರು ತಿಂಗಳು ಕೊಟ್ಟು ಕೈಬಿಡೋ ಬದ್ಲು 5 ಜನಕ್ಕೆ ಐದು ವರ್ಷ ಕೊಡಿ.

ದುಡ್ಡು ಕಳಿಸೋ ಮುಂಚೆ ಆಡಿಟರ್‌ನ ಕೇಳಿ. ಸಮಾಜದ ಖಾತೆಯಿಂದ ವಿದೇಶಕ್ಕೆ ದಾನ ಅಂದ್ರೆ ಇನ್‌ಕಮ್ ಟ್ಯಾಕ್ಸ್ ವಿನಾಯ್ತಿಗೆ ತೊಂದರೆ ಬರ್ಬೋದು, ಮಗ ಅಲ್ಲೇ ದುಡೀತಿರೋದ್ರಿಂದ ಅವರ ಸಂಬಳದಿಂದಾನೇ ಅಲ್ಲಿ ಕೊಡೋದು ಸುಲಭ. ಒಂದ್ಸಲ ಸರೋವರ ದಾಟಿ ಆ ಹಳ್ಳಿಗೆ ಹೋಗಿ, ಅಜ್ಜಿಯರ ಜೊತೆ ಕೂತು ಏನ್ ಬೇಕು ಅಂತ ಕೇಳಕ್ಕೆ ಹೇಳಿ, ಪಟ್ಟಿನ ಅವರೇ ಮಾಡ್ಲಿ. ಒಂದು ವರ್ಷದ ಲೆಕ್ಕ ಬಂದ್ಮೇಲೆ ನಮಗೆ ಬರೀರಿ, ಖಂಡಿತ ಹಾಕ್ತೀವಿ. ಫೋಟೋ ಮಾತ್ರ ಅವರನ್ನ ಕೇಳದೆ ಕಳಿಸ್ಬೇಡಿ.

– ಸಂಪಾದಕ