ಅನಿಮೆಯೊಳಗೆ ಹೊಕ್ಕರೆ ಹೊಟ್ಟೆ ಯಾಕೆ ತೊಳಸುತ್ತದೆ?

ಪ್ರಶ್ನೆ: ನನ್ನ ತಮ್ಮನಿಗೆ ಅನಿಮೆ, ಅಂದರೆ ಜಪಾನಿನ ಕಾರ್ಟೂನ್, ಹುಚ್ಚು. ಬೆಳಗಾವಿಯಲ್ಲಿ ಒಂದು ಕಡೆ ವಿಆರ್ (ಕಣ್ಣಿಗೆ ಕಟ್ಟಿಕೊಂಡರೆ ಆಟದೊಳಗೇ ಇದ್ದ ಹಾಗೆ ತೋರಿಸುವ ಹೆಡ್‌ಸೆಟ್) ಹಾಕಿಕೊಂಡು ಅನಿಮೆ ಆಟ ಆಡಿದ, ಹತ್ತೇ ನಿಮಿಷಕ್ಕೆ ವಾಂತಿ ಬಂದ ಹಾಗಾಯ್ತಂತೆ. ಆದರೂ ಹೆಡ್‌ಸೆಟ್ ಕೊಡಿಸು ಅಂತ ಹಟ. ಕೊಡಿಸಲೇ?
– ಓದುಗರು, ವಿಜಯಪುರ

ಉತ್ತರ: ಅವನ ಹಟ ನನಗೆ ಅರ್ಥವಾಗುತ್ತದೆ. ಮೊಬೈಲಿನಲ್ಲಿ ಅಂಗೈಯಗಲ ಕಂಡ ಪಾತ್ರ ಎದುರಿಗೆ ಆಳೆತ್ತರ ನಿಂತರೆ, ನಿಮ್ಮೂರಿನ ಗೋಳಗುಮ್ಮಟದೊಳಗೆ ಕತ್ತೆತ್ತಿ ನೋಡಿದಾಗ ಆಗುತ್ತದಲ್ವಾ, ಹಾಗೇ ಮೈ ಜುಮ್ಮೆನ್ನುತ್ತದೆ. ಅನಿಮೆ ಚಿತ್ರದಲ್ಲಿ ಸಪಾಟು ಬಣ್ಣ, ದಪ್ಪ ಗೆರೆ ಇರುವುದರಿಂದ ಹೆಡ್‌ಸೆಟ್‌ನ ಸಣ್ಣ ಚಿಪ್ಪಿಗೂ ಭಾರವಾಗುವುದಿಲ್ಲ.

ಆದರೆ ಅನಿಮೆಯಲ್ಲಿ ಸೆಕೆಂಡಿಗೆ 24 ಫ್ರೇಮ್ (ಪರದೆಗೆ ಬರುವ ಒಂದೊಂದು ಚಿತ್ರ) ಇದ್ದರೂ ಹೊಸದಾಗಿ ಬರೆಯುವ ಚಿತ್ರ ಹೆಚ್ಚಾಗಿ 8 ಅಥವಾ 12 ಮಾತ್ರ, ವಿಆರ್‌ಗೆ 72 ಅಥವಾ 90 ಫ್ರೇಮ್ ಬೇಕು, ಹಾಗಾಗಿ ಕೈಯಲ್ಲಿ ಬರೆದ ಚಿತ್ರದ ಆ ಸೊಗಸು ಅರ್ಧ ಕಳೆದುಹೋಗುತ್ತದೆ. ಪಕ್ಕಕ್ಕೆ ಸರಿದು ನೋಡಿದರೆ ಪಾತ್ರದ ಮುಖ ಪ್ಲಾಸ್ಟಿಕ್ ಬೊಂಬೆಯ ಹಾಗೆ ಕಾಣುತ್ತದೆ. ನನಗಂತೂ ಇದೇ ದೊಡ್ಡ ಬೇಸರ.

ಇನ್ನು ವಾಂತಿ. ಕಣ್ಣು ಹಾರುತ್ತಿದ್ದೇನೆ ಅನ್ನುತ್ತದೆ, ಮೈಯ ಸಮತೋಲ ನೋಡಿಕೊಳ್ಳುವ ಒಳಗಿವಿ ನಿಂತಲ್ಲೇ ಇದ್ದೇನೆ ಅನ್ನುತ್ತದೆ. ಈ ತಾಳಮೇಳ ತಪ್ಪಿದಾಗಲೇ ಹೊಟ್ಟೆ ತೊಳಸುವುದು. ಓಡುವ, ಹಾರುವ ಆಟಗಳಲ್ಲಿ ಇದು ಜಾಸ್ತಿ. ಈಗಲೇ ಕೊಡಿಸಬೇಡಿ. ಮೊದಲು ಕೂತು ನೋಡುವಂಥ ಆಟ ಒಂದೆರಡು ಸಲ ಆಡಿಸಿ, ಹೊಟ್ಟೆ ತೊಳಸಿದ ಕೂಡಲೇ ತೆಗೆದಿಡಲಿ. ತಮ್ಮನ ವಯಸ್ಸು ನೀವು ಬರೆದಿಲ್ಲ. ಮೆಟಾ ಕಂಪನಿಯ ಕ್ವೆಸ್ಟ್ ಹೆಡ್‌ಸೆಟ್ ಆದರೆ 10 ವರ್ಷದೊಳಗಿನವರಿಗೆ ಬೇಡ ಅಂತ ಕಂಪನಿಯೇ ಹೇಳುತ್ತದೆ.